ಮರೆಯಪ್ಪನ ಕೊಲೆ

ಎಂಟು ವರ್ಷ ಪರದೆಯ ಹಿಂದೆ ಕೂತು ಚಂದ್ರಾಮಪ್ಪನಿಗೆ ಸಾಕಾಗಿಹೋಗಿತ್ತು. ನಾಶಿಕದ ಅಂಬಡ್‌ನಲ್ಲಿ ಲೇಥ್ ಯಂತ್ರದ ಕೆಲಸ ಹೋದ ಮೇಲೆ ಅವನು ಔರಂಗಾಬಾದ್ ಹತ್ತಿರದ ಗಂಗಾಪುರದ ಹೊರವಲಯದಲ್ಲಿ ‘ಮರೆಯಪ್ಪ’ನಾಗಿ ಅವತರಿಸಿದ್ದು 2001ರಲ್ಲಿ. ಕಟ್ಟಡದ ಕೆಲಸಕ್ಕೆ ಬಂದ ವಿಜಾಪುರದ ಕಡೆಯ ಜನವೇ ಭಕ್ತರು. ಪಂಥದ ನಿಯಮಗಳೆಲ್ಲ ಅವನವೇ. ಅಪ್ಪನ ಮುಖ ಯಾರೂ ನೋಡಕೂಡದು, ಅಪ್ಪ ಬಾಯಿ ಬಿಡಕೂಡದು, ಒಳಗಿನ ಮಾತು ಹೊರಗೆ ಹೋಗಕೂಡದು, ಎಲ್ಲರೂ ಒಂದೇ ಬಗೆಯ ಕಾವಿ ಶಾಲು ಹೊದೆಯಬೇಕು. ಭಕ್ತರು ಕೇಳಿದ್ದಕ್ಕೆ ಗಂಟೆ ಒಂದು ಸಲ ಬಾರಿಸಿದರೆ ಹೌದು, ಎರಡು ಸಲ ಬಾರಿಸಿದರೆ ಇಲ್ಲ.

ಆದರೆ ಆ ಒಂದು ಗಂಟೆಯನ್ನು ಶಿಷ್ಯ ಧರ್ಮಣ್ಣ ಒಂದು ತಾಸಿನ ಪ್ರವಚನ ಮಾಡಿಬಿಡುತ್ತಿದ್ದ. ಬರಬರುತ್ತ ಜನ ಧರ್ಮಣ್ಣನ ಕಾಲಿಗೇ ಬೀಳತೊಡಗಿದರು. ಅವನಿಗೆ ಹೋಳಿಗೆ, ಪರದೆಯೊಳಗೆ ಬರೀ ಹಾಲು, ಬಾಳೆಹಣ್ಣು. ಒಂದು ದಿನ ಚಂದ್ರಾಮಪ್ಪ ಸಿಟ್ಟಿಗೆದ್ದು ಏಳು ಸಲ ಗಂಟೆ ಬಾರಿಸಿದ.

“ಅಪ್ಪಾರು ಏಳೂ ಲೋಕದ ಸುದ್ದಿ ಹೇಳಾಕತ್ತಾರ!” ಎಂದ ಧರ್ಮಣ್ಣ. ಜನ ಗೊಳೋ ಎಂದು ಅತ್ತರು.

ಮರೆಯಪ್ಪ ಸಾಯಬೇಕು, ಕೊಂದವನು ಧರ್ಮಣ್ಣನಾಗಬೇಕು ಎಂದು ಚಂದ್ರಾಮಪ್ಪ ಅಂದೇ ತೀರ್ಮಾನಿಸಿದ.

ಔರಂಗಾಬಾದಿನ ಪೊಲೀಸ್ ಶ್ವಾನದಳದ ಸಬ್‌ಇನ್‌ಸ್ಪೆಕ್ಟರ್ ವಸುಧಾ ತಿಂಗಳಿಂದ ಈ ಗುಟ್ಟಿನ ಪಂಥದ ಬೆನ್ನು ಹತ್ತಿದ್ದಳು. ಪ್ರತಿ ಗುರುವಾರ ಬೆಳಿಗ್ಗೆ ತನ್ನ ನಾಯಿ ಬಿಜಲಿಯ ಜೊತೆ ಬಂದು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದಳು. ಭಕ್ತರಿಗೆ ನಾಯಿಯ ಭಯ. ಚಂದ್ರಾಮಪ್ಪನಿಗೆ ಬೇಕಾಗಿದ್ದದ್ದೇ ನಾಯಿ. ಮನುಷ್ಯರಿಗೆ ಅನುಮಾನಗಳಿರುತ್ತವೆ. ನಾಯಿ ವಾಸನೆ ಹಿಡಿದು ನೆಟ್ಟಗೆ ಹೋಗುತ್ತದೆ.

ಒಂದು ಗುರುವಾರ, ಅವಳು ಬರುವ ಮೊದಲೇ, ಧರ್ಮಣ್ಣ ಸ್ನಾನಕ್ಕೆ ಹೋದಾಗ ಅವನ ಕೋಣೆಯ ಗೂಟದಲ್ಲಿದ್ದ ಶಾಲನ್ನು ಚಂದ್ರಾಮಪ್ಪ ಇಕ್ಕಳದಲ್ಲಿ ಎತ್ತಿ ತಂದ. ಕೈ ತಾಗಿಸಲಿಲ್ಲ. ಬೆರಳು ಕೊಯ್ದುಕೊಂಡು ಪೀಠದ ಮೇಲೆ ರಕ್ತ ಚೆಲ್ಲಿದ. ಅಲ್ಲಿಂದ ಹಿಂದಿನ ಬಾವಿಯವರೆಗೆ ಹೆಣ ಎಳೆದಂತೆ ಮೂಟೆಯೊಂದನ್ನು ಎಳೆದು, ಬಾವಿಗೆ ನೂಕಿ, ಶಾಲನ್ನು ಹಿಂಬಾಗಿಲಲ್ಲಿ ಬೀಳಿಸಿದ. ಗಡ್ಡ ಬೋಳಿಸಿ, ಪ್ಯಾಂಟು ತೊಟ್ಟು, ಎಲ್ಲರಂತೆ ಹೊಸ ಶಾಲೊಂದು ಹೊದ್ದು, ಮುಂಬಾಗಿಲಿಂದ ಬಂದು ಭಕ್ತರ ನಡುವೆ ಕೂತ. ಆಗಲೇ ನಾಶಿಕದ ಬಸ್ ಹತ್ತಬಹುದಿತ್ತು. ಆದರೆ ತಾನು ಸತ್ತದ್ದಕ್ಕೆ ಜನ ಎಷ್ಟು ಅಳುತ್ತಾರೆಂದು ನೋಡುವ ಆಸೆ.

ಹಾಲು ಕೊಡಲು ಹೋದ ಭಾಗವ್ವ ಚೀರಿದಳು. ಎಲ್ಲರೂ ಚೆನ್ನಾಗಿಯೇ ಅತ್ತರು. ವಸುಧಾ ಬಂದು, ರಕ್ತ ನೋಡಿ, ಬಾಗಿಲಲ್ಲಿದ್ದ ಶಾಲನ್ನು ಬಿಜಲಿಗೆ ಮೂಸಿಸಿದಳು. ನಾಯಿ ಧರ್ಮಣ್ಣನ ಕಡೆಗೇ ಹೊರಟಿತು. ಚಂದ್ರಾಮಪ್ಪ ಶಾಲಿನೊಳಗೆ ನಗು ಅದುಮಿಕೊಂಡ. ನಾಯಿ ಧರ್ಮಣ್ಣನನ್ನು ದಾಟಿತು. ಮೂರು ಸಾಲು ದಾಟಿ ಚಂದ್ರಾಮಪ್ಪನ ಮುಂದೆ ಕುಕ್ಕರಿಸಿ ಬೊಗಳಿತು.

“ಯಾರ್ರಿ ನೀವು? ಖರೆ ಸಾಂಗಾ,” ಎಂದಳು ವಸುಧಾ. ನಿಜ ಹೇಳಿ ಅಂತ. ನಾಶಿಕದ ಹತ್ತಿರ ಓಝರ್ ವಿಮಾನ ಕಾರ್ಖಾನೆಯ ಕಾಲೊನಿಯಲ್ಲಿ ಬೆಳೆದವಳ ಮರಾಠಿ ಬೆರೆತ ಕನ್ನಡ ಅದು.

“ಗೌಂಡಿ ಕೆಲಸದವನರಿ. ಇವತ್ತ ಮೊದಲನೇ ಸಲ ಬಂದೀನಿ. ಒಳಗ ಕಾಲ ಇಟ್ಟಿಲ್ಲರಿ.”

“ಹಂಗಾದ್ರ ಶಾಲಿನ ವಾಸ ನಿಮ್ಮ ಮೈಗೆ ಹೆಂಗ? ಖೂನ್ ಮಾಡಿದವರು ನೀವ.”

ಚಂದ್ರಾಮಪ್ಪ ಲೆಕ್ಕ ಹಾಕಿದ. ತಾನೇ ಮರೆಯಪ್ಪ ಎಂದರೆ ಮೋಸ ಬಯಲು. ಅಲ್ಲವೆಂದರೆ ತನ್ನ ಕೊಲೆಗೆ ತನಗೇ ಗಲ್ಲು. ಅಷ್ಟರಲ್ಲಿ ಧರ್ಮಣ್ಣ ಶಾಲನ್ನು ತಿರುವಿ ನೋಡಿ ಎದ್ದುಬಿದ್ದು ಓಡಿಬಂದ.

“ಬಾಯಾರ, ಈ ಶಾಲು ನನ್ನ ಗೂಟದ್ದರಿ, ಆದ್ರ ನಂದಲ್ಲ! ಅಪ್ಪಾರು ಒಗಿಯಾಕಂತ ಹೊರಗ ಹಾಕಿದ್ದು. ನಾ ಎಂದೂ ಒಗದಿಲ್ಲರಿ. ಪ್ರತಿ ಸಲ ಹೊಸಾದೊಂದು ಒಳಗಿಟ್ಟು, ಅವರು ಹೊದ್ದದ್ದನ್ನ ಪ್ರಸಾದ ಅಂತ ಇಟಗೋತೀನಿ. ನಾಯಿಗಿ ಸಿಕ್ಕಾರಂದ್ರ ಇವರ ನಮ್ಮ ಅಪ್ಪಾರು! ಅಪ್ಪಾರು ಸತ್ತಿಲ್ಲ!” ಅವನು ಬಿಕ್ಕುತ್ತ ಚಂದ್ರಾಮಪ್ಪನ ಎರಡೂ ಕಾಲು ತಬ್ಬಿಕೊಂಡ. ಆ ಪಾದ ಮುಟ್ಟಲು ಇನ್ನೂರು ಜನ ಸಾಲು ನಿಂತರು. ಸಾಲಿನ ಕೊನೆಯಲ್ಲಿ, ಬೇಡಿ ಹಿಡಿದು, ವಸುಧಾ.