ನೆಟ್ಟಗೆ ಬಿದ್ದ ಹೆಸರು

ನಾನು ಲಂಡನ್ನಿನಲ್ಲಿ ಹಾಡಿನ ಹಾಳೆಗಳಿಗೆ ಅಚ್ಚು ಕೊರೆಯುತ್ತಿದ್ದವಳು. ನಾಟಕದಲ್ಲೊಂದು ಹಾಡು ಗೆದ್ದರೆ ಸಾಕು, ಮರುವಾರವೇ ಅದರ ಸ್ವರಗಳ ಗುರುತುಗಳನ್ನು ತವರದ ತಗಡಿನ ಮೇಲೆ ಹೊಡೆದು, ಹಾಡಿದವರ ಹೆಸರು ಕೊರೆದು, ಕಾಗದಕ್ಕೆ ಅಚ್ಚೊತ್ತಿ ಮಾರುತ್ತಿದ್ದೆವು. ತಗಡಿನಲ್ಲಿ ಎಲ್ಲವೂ ತಿರುಗುಮುರುಗು. ಕಾಗದದ ಮೇಲೆ ಮಾತ್ರ ನೆಟ್ಟಗೆ. ನೆಟ್ಟಗೆ ಕೊರೆಯುವುದು ನಮ್ಮ ಕೈಗೆ ಬರುವುದೇ ಇಲ್ಲ.

ಒಂದು ವರ್ಷ ಜುಲೈನಲ್ಲಿ ಹಾಡುಗಾರ್ತಿ ಲವಿನಿಯಾ ಕ್ರೂಮ್ ಜ್ವರದಿಂದ ಸತ್ತಳು. ಯಜಮಾನ ಟಾರಂಟ್ ಮಧ್ಯಾಹ್ನವೇ ಅವಳ ತಗಡು ತಂದಿಟ್ಟ.

“ಶನಿವಾರದಿಂದ ಈ ಹಾಡು ಡಫೀಲ್ಡ್ ಹಾಡ್ತಾಳೆ. ಸತ್ತೋಳ ಹೆಸ್ರು ತೆಗ್ದು ಇವಳದ್ದು ಹಾಕು, ಹೆಸ್ಟರ್.”

“ಮಣ್ಣಾದ್ರೂ ಆಗ್ಲಿ, ಇರಿ ಧಣಿ.”

“ಅಷ್ಟ್ರಲ್ಲಿ ಪಕ್ಕದಂಗ್ಡಿಯೋನು ಮಾರಿರ್ತಾನೆ!”

ತಗಡನ್ನು ಬೋರಲು ಹಾಕಿ, ಹಿಂದಿನಿಂದ ಬಡಿದು ಹೆಸರನ್ನು ಅಳಿಸಿದೆ. ಸೆಕೆಗೆ ನಾನು ಬೆವರುತ್ತಿದ್ದೆ, ತಗಡು ಮಾತ್ರ ಬಾವಿಕಲ್ಲಿನಂತೆ ತಣ್ಣಗಿತ್ತು. ಹೊಸ ಹೆಸರು ಕೊರೆದು, ಮಸಿ ಬಳಿದು ಹಾಳೆ ತೆಗೆದರೆ, ಕ್ರೂಮ್ ಎಂದೇ ಬಂತು. ಮತ್ತೆ ಬಡಿದು ಕೊರೆದೆ. ಮತ್ತೆ ಅದೇ. ಮೂರನೆಯ ಹಾಳೆಯಲ್ಲಿ ಅವಳ ಹೆಸರು ತಿರುಗುಮುರುಗಾಗಿತ್ತು. ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಲ್ಲಿ ಲವಿನಿಯಾ ಕ್ರೂಮ್ ಎಂದು ನೆಟ್ಟಗೆ, ಓದುವ ಹಾಗೆ ಕೊರೆದಿತ್ತು.

“ಇದ್ಯಾರ ಕೈ?” ಟಾರಂಟನ ದನಿ ಇಳಿದಿತ್ತು. “ನಮ್ಮೋರಿಗೆ ಹಿಂಗೆ ಬರಲ್ಲ.”

ಅಂದೇ ತಗಡನ್ನು ಕರಗಿಸಿದೆವು. ಆ ಮೂರನೆಯ ಹಾಳೆಯನ್ನು ನಾನು ಪೆಟ್ಟಿಗೆಯಲ್ಲಿಟ್ಟುಕೊಂಡೆ, ಯಾಕೆಂದು ಕೇಳಬೇಡಿ. ಮೂವತ್ತೊಂದು ವರ್ಷವಾಯಿತು. ಕೂತಲ್ಲಿ ಕೂರಲಾಗದೆ ಮೊನ್ನೆ ಮತ್ತೆ ತೆಗೆದೆ. ಸ್ವರಗಳ ಮಸಿ ಮಾಸಿ ಕಂದಾಗಿದೆ. ಹೆಸರನ್ನು ಮುಟ್ಟಿ ನೋಡಿದೆ. ಬೆರಳು ಕಪ್ಪಾಯಿತು.