ಅರ್ಧ ಇಂಚು ಸಾಲದ ಹೆಬ್ಬೆರಳು

ನನ್ನ ಎಡಗೈ ನನ್ನದೇ ಪಿಕಪ್ ಟ್ರಕ್ಕಿನ ಬಾಗಿಲಿಗೆ ಸಿಕ್ಕಿಕೊಂಡಿತ್ತು.

ಬಾಗಿಲಿನ ಹೊರಗೆ ರಾಯ್ ಡೀನ್ ಹಟ್ಟೊ. ಆರಡಿ ಮೂರಂಗುಲದ ಆಳು. ಮೊಣಕಾಲಿನಿಂದ ಬಾಗಿಲನ್ನು ಒತ್ತಿ ಹಿಡಿದಿದ್ದ. ಕೈಯಲ್ಲಿ ಜೋಡಿ ನಳಿಗೆಯ ಕೋವಿ.

ನನ್ನ ಬಲಗೈಯಲ್ಲಿ ನಲವತ್ತೈದು ಕ್ಯಾಲಿಬರಿನ ದೊಡ್ಡ ಪಿಸ್ತೂಲು. ಗಾಜು ಇಳಿಸಿದ್ದ ಕಿಟಕಿಯಿಂದ ನೇರ ಅವನ ಹೊಟ್ಟೆಗೆ ಗುರಿ. ಅಷ್ಟು ಹತ್ತಿರದಿಂದ ಕುರುಡು ಬೆಕ್ಕೂ ಗುರಿ ತಪ್ಪುವುದಿಲ್ಲ.

ಆದರೆ ಆ ಪಿಸ್ತೂಲಿಗೊಂದು ಸೇಫ್ಟಿ ಚಿಲಕವಿದೆ. ಅದನ್ನು ಹೆಬ್ಬೆರಳಿನಿಂದ ಕೆಳಗೆ ಒತ್ತಬೇಕು. ಒತ್ತದಿದ್ದರೆ ಅದು ಒಂದು ಕಿಲೋ ತೂಕದ ಕಬ್ಬಿಣ, ಅಷ್ಟೇ.

ನನ್ನ ಹೆಬ್ಬೆರಳು ಚಿಲಕಕ್ಕೆ ಅರ್ಧ ಇಂಚು ಸಾಲಲಿಲ್ಲ.

ಹಟ್ಟೊ ಮೊದಲು ಪಿಸ್ತೂಲು ನೋಡಿ ಬೆಚ್ಚಿದ. ಆಮೇಲೆ ತಡಕಾಡುತ್ತಿದ್ದ ಬೆರಳು ನೋಡಿದ. ನಿಧಾನಕ್ಕೆ ಅವನ ಮುಖದ ಮೇಲೆ ನಗು ಹರಡಿತು.

“ಎಟಕ್ತಾ ಇಲ್ವಾ, ಪುಟ್ಟಕ್ಕ?”

ನೀವು ನಗಬೇಡಿ. ಸಣ್ಣ ಕೈಯ ಹೆಂಗಸರಿಗೆ ತಕ್ಕ ಪಿಸ್ತೂಲು ಆರಿಸಿಕೊಡುವುದರಲ್ಲಿ ಇಡೀ ಕೌಂಟಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಹೆಸರಾದವಳು ನಾನೇ...

ನನ್ನ ಹೆಸರು ವರ್ನಾ ಟ್ಯಾಕೆಟ್. ಊರು ಪಶ್ಚಿಮ ಟೆಕ್ಸಸ್ಸಿನ ಬ್ರೆಡಿ ವೆಲ್ಸ್. ಕೋರ್ಟಿನ ಕಾಗದಗಳನ್ನು ತಲುಪಿಸುವುದು, ಜಾಮೀನು ಪಡೆದು ತಪ್ಪಿಸಿಕೊಂಡವರನ್ನು ಹುಡುಕುವುದು, ಹೆದರಿದವರ ಜೊತೆ ಓಡಾಡುವುದು ನನ್ನ ಕಸುಬು. ವಾರಕ್ಕೊಂದು ದಿನ ಹೆಂಗಸರಿಗೆ ಪಿಸ್ತೂಲಿನ ತರಗತಿ. ಎತ್ತರ ನಾಲ್ಕಡಿ ಹನ್ನೊಂದು. ಚಳಿಗಾಲದಲ್ಲಿ ಮಕ್ಕಳ ಅಂಗಡಿಯ ಕೈಗವಸು ಕೊಳ್ಳುತ್ತೇನೆ.

ಆ ಸೋಮವಾರ ಮಿಸ್ ಓರ್ಲೆಟಾ ಪ್ರೂವಿಟ್ ನನ್ನ ಕಚೇರಿಗೆ ಬಂದರು. ಅರವತ್ತಾರು ವರ್ಷ. ಚರ್ಚಿನಲ್ಲಿ ಆರ್ಗನ್ ನುಡಿಸುವವರು, ಮನೆಯಲ್ಲಿ ಪಿಯಾನೊ ಕಲಿಸುವವರು. ಊರಿನ ಅರ್ಧ ಜನ ಅವರ ಹತ್ತಿರ ಬೆರಳಿಗೆ ಏಟು ತಿಂದವರೇ. ಹಾಗಾಗಿ ಎಲ್ಲರಿಗೂ ಅವರು ಬರೀ ‘ಟೀಚರ್’.

ಟೀಚರ್ ಒಂದು ಕೊಲೆ ನೋಡಿದ್ದರು.

ಕಳೆದ ಚಳಿಗಾಲದಲ್ಲಿ ಆರ್ಗನ್ ಪಕ್ಕದ ಕಿಟಕಿಯಿಂದ ನೋಡಿದ್ದರು. ಚರ್ಚಿನ ಹಿಂದಿನ ಗಲ್ಲಿಯಲ್ಲಿ ಹಟ್ಟೊ ತನ್ನ ನೀರಿನ ಟ್ಯಾಂಕರಿನಿಂದ ತನ್ನದೇ ಪಾಲುದಾರನಿಗೆ ಗುದ್ದಿದ. ಅಪಘಾತ ಎಂದು ವಕೀಲ ವಾದಿಸಬಹುದಿತ್ತು. ಆದರೆ ಹಟ್ಟೊ ಗಾಡಿಯನ್ನು ಹಿಂದಕ್ಕೆ ತೆಗೆದು ಎರಡನೇ ಸಲ ಹತ್ತಿಸಿದ. ಅದನ್ನು ಕಂಡವರು ಟೀಚರ್ ಒಬ್ಬರೇ.

ಈಗ ಅವನು ಜಾಮೀನಿನ ಮೇಲೆ ಹೊರಗಿದ್ದ. ಬರುವ ಸೋಮವಾರ ವಿಚಾರಣೆ. ಟೀಚರ್ ನನ್ನಲ್ಲಿಗೆ ಬರುವ ಹಿಂದಿನ ದಿನ ಯಾರೋ ಟೀಚರ ಬೆಕ್ಕನ್ನು ಕೊಂದು ಅವರ ಪಿಯಾನೊ ಸ್ಟೂಲಿನ ಮೇಲೆ ಇಟ್ಟು ಹೋಗಿದ್ದರು. ಷೆರೀಫನ ಆಳುಗಳು ಬಂದು ಬರೆದುಕೊಂಡು ಹೋಗಿದ್ದರು. ಹಗಲೂ ರಾತ್ರಿ ಕಾವಲು ಕೊಡುವಷ್ಟು ಜನ ಅವರಲ್ಲಿರಲಿಲ್ಲ.

ಟೀಚರ್ ಕೇಳಿದ್ದು ಎರಡು ವಿಷಯ. ಸೋಮವಾರದವರೆಗೆ ನಾನು ಜೊತೆಗಿರಬೇಕು. ಮತ್ತೆ, ಬಟ್ಟೆಯೊಳಗೆ ಅಡಗಿಸಿ ಒಯ್ಯುವಂಥ ಪಿಸ್ತೂಲೊಂದನ್ನು ತಮ್ಮ ಕೈಗೆ ತಕ್ಕ ಹಾಗೆ ಆರಿಸಿಕೊಡಬೇಕು.

“ನಾನಿದೀನಲ್ಲ, ನಿಮಗ್ಯಾಕೆ ಅದು?” ಎಂದೆ.

“ನಿಮಗೇನಾದ್ರೂ ಆದ್ರೆ ನಾನು ಹಾಡು ಹೇಳ್ತಾ ಕೂತ್ಕೊಳ್ಲಾ?” ಅಂದರು.

ಪಿಕಪ್ಪಿನ ಕೀಲಿ ಎತ್ತಿಕೊಂಡೆ.

ಗೇಲನ್ ಬೆಕ್‌ನ ಬಂದೂಕಿನಂಗಡಿಗೆ ಹೋದೆವು. ಗೇಲನ್ ಒಳ್ಳೆಯವನು. ಆದರೆ ಹೆಂಗಸು ಒಳಗೆ ಬಂದಳೆಂದರೆ ಅವನ ಕೈ ತಾನಾಗಿ ಒಂದೇ ಕಪಾಟಿಗೆ ಹೋಗುತ್ತದೆ. ಅಂಗೈಯಲ್ಲಿ ಮುಚ್ಚಿಹೋಗುವ ಪುಟಾಣಿ ಪಿಸ್ತೂಲು. ನೇರಳೆ ಹಿಡಿ. ಹಗುರ, ಸೋಪಿನ ಬಿಲ್ಲೆಯ ಹಾಗೆ.

“ಲೇಡೀಸ್ ಎಲ್ಲ ಇದನ್ನೇ ತಗೊಳ್ಳೋದು, ಟೀಚರ್. ಚಿಕ್ಕ ಕೈಗೆ ಚಿಕ್ಕ ಪಿಸ್ತೂಲು,” ಎಂದ.

ಎಲ್ಲರೂ ಮೋಸ ಹೋಗುವುದು ಇಲ್ಲೇ. ಕೇಳಿ, ನಿಮಗೂ ಉಪಯೋಗಕ್ಕೆ ಬರಬಹುದು. ಗುಂಡು ಹಾರಿದಾಗಿನ ಒದೆತವನ್ನು ಪಿಸ್ತೂಲಿನ ತೂಕ ನುಂಗುತ್ತದೆ. ತೂಕವೇ ಇಲ್ಲದ ಪಿಸ್ತೂಲು ಹೇಸರಗತ್ತೆಯ ಹಾಗೆ ಒದೆಯುತ್ತದೆ. ಸ್ಪ್ರಿಂಗೂ ಗಟ್ಟಿ. ಗುಂಡು ತುಂಬಲು ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆಯಬೇಕಲ್ಲ, ಅದು ಜಪ್ಪಯ್ಯ ಅಂದರೂ ಬರುವುದಿಲ್ಲ.

ಟೀಚರ್ ಎಳೆದರು. ಬರಲಿಲ್ಲ. ಎರಡೂ ಕೈ ಹಾಕಿ ಎಳೆದರು. ಕನ್ನಡಕ ಜಾರಿತು, ಸ್ಲೈಡ್ ಜಾರಲಿಲ್ಲ. ಅವರ ಬೆರಳಿನ ಗೆಣ್ಣುಗಳಲ್ಲಿ ಆಗಲೇ ಸಂಧಿವಾತ ಸೇರಿಕೊಂಡಿತ್ತು.

ನಾನು ಗೇಲನ್ ಹಾರಿಸಿ ನೋಡಲು ಬಾಡಿಗೆಗೆ ಕೊಡುವ ಪಿಸ್ತೂಲುಗಳ ಪೆಟ್ಟಿಗೆಯಿಂದ ಬೇರೆ ನಾಲ್ಕನ್ನು ಎತ್ತಿಕೊಂಡೆ. ನೇರಳೆಯದನ್ನೂ ಇಟ್ಟುಕೊಂಡೆ, ಪಾಠಕ್ಕೆ. ಅಂಗಡಿಯ ಹಿಂದೆಯೇ ಗುಂಡು ಹಾರಿಸುವ ಮೈದಾನ.

ಸ್ಲೈಡ್ ನಾನೇ ಎಳೆದುಕೊಟ್ಟರೂ ನೇರಳೆಯದು ಮೂರನೇ ಗುಂಡಿಗೇ ಸಿಕ್ಕಿಹಾಕಿಕೊಂಡಿತು. ಒದೆತಕ್ಕೆ ಮಣಿಕಟ್ಟು ಸಡಿಲಾದರೆ ಅಂಥವು ಖಾಲಿ ತೋಟಾವನ್ನು ಪೂರ್ತಿ ಹೊರಕ್ಕೆ ಉಗುಳುವುದಿಲ್ಲ. ಗಂಟಲಲ್ಲೇ ಇಟ್ಟುಕೊಳ್ಳುತ್ತವೆ. ಐದು ಗುಂಡಿನ ಹಗುರ ರಿವಾಲ್ವರು ಎಂದೂ ಸಿಕ್ಕಿಹಾಕಿಕೊಳ್ಳುವುದಿಲ್ಲ ಎನ್ನುತ್ತಾರೆ. ನಿಜವೇ. ಆದರೆ ಅದರ ಟ್ರಿಗರ್ ಎಳೆಯುವಷ್ಟರಲ್ಲಿ ಟೀಚರ ಇಡೀ ತೋಳು ನಡುಗಿತು. ಗುಂಡು ಪಕ್ಕದವರ ಗುರಿಹಲಗೆಗೆ ಬಿತ್ತು. ದೊಡ್ಡದೊಂದನ್ನು ಕೊಟ್ಟರೆ ಬೆರಳು ಟ್ರಿಗರಿನವರೆಗೂ ಹೋಗಲಿಲ್ಲ. ನಾಲ್ಕನೆಯದರ ಹಿಡಿ ಇಟ್ಟಿಗೆಯಷ್ಟು ದಪ್ಪ.

ಟೀಚರ್ ಬೇಸರಿಸಲಿಲ್ಲ. ತಮ್ಮ ಅಂಗೈ ಅಗಲಿಸಿ ತೋರಿಸಿದರು. ಪಿಯಾನೊ ಮೇಲೆ ಎಂಟು ಬಿಳಿ ಕೀಗಳನ್ನು ಒಂದೇ ಕೈಯಲ್ಲಿ ಒಟ್ಟಿಗೆ ಹಿಡಿಯಲು ತಮಗೆ ಈವರೆಗೂ ಆಗಿಲ್ಲವಂತೆ. ಏಳೇ.

“ಕೈ ಚಿಕ್ಕದು ಅಂತ ಅಳ್ತಾ ಕೂತ್ರೆ ಆಗುತ್ತಾ? ಕೈಗೆ ತಕ್ಕ ಹಾಡು ಆರಿಸ್ಕೋಬೇಕು,” ಅಂದರು.

ಐದನೆಯದು ನೋಡಲು ಏನೂ ಅಲ್ಲ. ಕಪ್ಪು ಬಣ್ಣ, ಮಧ್ಯಮ ಗಾತ್ರ, ಸಣಕಲು ಹಿಡಿ. ನೇರಳೆಯದಕ್ಕಿಂತ ದೊಡ್ಡದು, ಭಾರ. ಗುಂಡು ಅದೇ ಅಳತೆಯದು. ಸ್ಲೈಡ್ ಮಾತ್ರ ಬೆಣ್ಣೆಯಲ್ಲಿ ಚಾಕು ಎಳೆದಂತೆ ಬಂತು. ಬೆರಳಿನ ಮೊದಲ ಗೆಣ್ಣು ಟ್ರಿಗರಿನ ಮೇಲೆ ಸರಿಯಾಗಿ ಕೂತಿತು.

ಟೀಚರ್ ಎಂಟು ಗುಂಡು ಹಾರಿಸಿದರು. ಎಂಟೂ ಒಂದು ಬಿಸ್ಕತ್ತಿನಗಲದಲ್ಲಿ.

ನಾನು ಹಲಗೆಯನ್ನೇ ನೋಡುತ್ತ ನಿಂತೆ. ಗೇಲನ್ ತನ್ನ ಟೊಪ್ಪಿ ತೆಗೆದ.

ಟ್ರಿಗರನ್ನು ಎಳೆಯುವುದಕ್ಕೂ ಒತ್ತುವುದಕ್ಕೂ ವ್ಯತ್ಯಾಸವಿದೆ. ತರಗತಿಯಲ್ಲಿ ಅದನ್ನು ತಿಳಿಸಲು ನನಗೆ ತಿಂಗಳು ಹಿಡಿಯುತ್ತದೆ. ಈ ಹೆಂಗಸು ಅರವತ್ತು ವರ್ಷದಿಂದ ಬೆರಳಿನಿಂದ ಒತ್ತುವುದು ಬಿಟ್ಟು ಬೇರೇನನ್ನೂ ಮಾಡಿರಲಿಲ್ಲ.

ಆದರೂ ನಾನು ಸುಮ್ಮನೆ ಒಪ್ಪುವವಳಲ್ಲ. ಇನ್ನೂರು ಗುಂಡು ತಡವರಿಸದೆ ಹಾರುವವರೆಗೆ ಯಾವ ಪಿಸ್ತೂಲನ್ನೂ ನಂಬಬೇಡಿ ಎಂಬುದು ನನ್ನ ಕಾನೂನು. ಮಂಗಳವಾರ ಒಂದು ಜಾತಿಯ ಗುಂಡು ಎರಡು ಸಲ ತಡೆಯಿತು. ಗುಂಡು ಬದಲಿಸಿದೆವು. ಬುಧವಾರ, ಗುರುವಾರ ಸೇರಿ ಇನ್ನೂರ ಹತ್ತು. ಒಂದೂ ತಡೆಯಲಿಲ್ಲ. ಕೈಚೀಲದಲ್ಲಿ ಇಡಬೇಡಿ, ಚೀಲ ಕಿತ್ತುಕೊಂಡರೆ ಪಿಸ್ತೂಲೂ ಹೋಯಿತು ಎಂದೆ. ಸೊಂಟಕ್ಕೆ ಗಟ್ಟಿ ಚರ್ಮದ ಒರೆ ಕಟ್ಟಿಸಿದೆ. ಮೇಲೊಂದು ಸಡಿಲ ಉಣ್ಣೆ ಅಂಗಿ. ನೋಡಿದರೆ ಚರ್ಚಿಗೆ ಹೊರಟ ಅಜ್ಜಿ.

ಗುರುವಾರ ಮಧ್ಯಾಹ್ನ ಡೈನರ್ ಹೋಟೆಲಿನಲ್ಲಿ ಕರಿದ ಬೆಂಡೆಕಾಯಿ ತಿನ್ನುತ್ತ ಅವರು ನನ್ನ ಸೊಂಟದ ಕಡೆ ನೋಡಿದರು.

“ನಿಮ್ಮ ಕೈ ನನ್ನ ಕೈಗಿಂತ ಚಿಕ್ಕದು, ವರ್ನಾ. ನೀವ್ಯಾಕೆ ಅಷ್ಟು ದೊಡ್ಡದು ಇಟ್ಕೊಂಡಿದೀರ?”

“ಅಭ್ಯಾಸ,” ಎಂದೆ.

ಸುಳ್ಳು. ಇಪ್ಪತ್ಮೂರು ವರ್ಷದ ಹಿಂದೆ ನಾನು ಮೊದಲ ಸಲ ಜಾಮೀನು ಪಡೆದು ತಪ್ಪಿಸಿಕೊಂಡವನೊಬ್ಬನ ಬಾಗಿಲು ತಟ್ಟಿದಾಗ ಅವನು ನನ್ನ ತಲೆ ಸವರಿ, ನಿಮ್ಮಮ್ಮ ಎಲ್ಲಿ ಪುಟ್ಟಿ ಎಂದು ಕೇಳಿದ್ದ. ಮಾರನೇ ದಿನವೇ ಈ ನಲವತ್ತೈದರ ಪಿಸ್ತೂಲು ಕೊಂಡೆ. ಆಮೇಲೆ ಯಾರೂ ತಲೆ ಸವರಲಿಲ್ಲ. ಅದು ನನ್ನ ಕೈ ನೋಡಿ ಕೊಂಡದ್ದಲ್ಲ, ಎದುರಿನವರ ಕಣ್ಣು ನೋಡಿ ಕೊಂಡದ್ದು. ಚಿಲಕ ನನಗೆ ಎಂದೂ ಎಟುಕಿರಲಿಲ್ಲ. ಎಡಗೈಯಿಂದ ಒತ್ತಿಕೊಳ್ಳುತ್ತಿದ್ದೆ. ಯಾರೂ ಗಮನಿಸಿರಲಿಲ್ಲ.

ಎರಡೂ ಕೈ ಬಿಡುವಾಗಿದ್ದರೆ ತಾನೆ ಆ ಆಟ...

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಸರ್ಕಾರಿ ವಕೀಲರನ್ನು ನೋಡಲು ಹೊರಟೆವು. ಕೋರ್ಟು ನಲವತ್ತು ಮೈಲಿ ದೂರ. ರಸ್ತೆಯ ಎರಡೂ ಕಡೆ ಹತ್ತಿ ಹೊಲ, ಎಣ್ಣೆ ಎತ್ತುವ ಪಂಪು, ಗಾಳಿ. ಹನ್ನೆರಡನೇ ಮೈಲಿಯಲ್ಲಿ ಕನ್ನಡಿಯೊಳಗೆ ನೀರಿನ ಟ್ಯಾಂಕರು ಕಂಡಿತು.

ಅದು ದೊಡ್ಡದಾಗುತ್ತಲೇ ಹೋಯಿತು.

ಟೀಚರಿಗೆ ಸೀಟಿನ ಬೆಲ್ಟು ಬಿಗಿ ಮಾಡಲು ಹೇಳಿ ಆಕ್ಸಿಲರೇಟರ್ ಒತ್ತಿದೆ. ಗಂಟೆಗೆ ಎಂಬತ್ತು ಮೈಲಿ. ತೊಂಬತ್ತು. ನನ್ನದು ಹದಿನೆಂಟು ವರ್ಷದ ಹಳೆಯ ಪಿಕಪ್ಪು. ತೊಂಬತ್ತೆರಡಕ್ಕೆ ಅದು ದೇವರನ್ನು ಕರೆಯತೊಡಗಿತು. ಟ್ಯಾಂಕರು ಖಾಲಿ ಇತ್ತೆಂದು ಕಾಣುತ್ತದೆ, ಹಾರಿಕೊಂಡು ಬಂತು. ಒಂದು ಸಲ ಮುಟ್ಟಿತು. ಎರಡನೇ ಸಲ ತಳ್ಳಿತು. ಅವನಿಗೆ ಎರಡು ಸಲ ಮಾಡುವುದು ರೂಢಿ.

ಪಿಕಪ್ಪು ಬೇಲಿ ಮುರಿದುಕೊಂಡು ಹತ್ತಿ ಹೊಲದಲ್ಲಿ ನಿಂತಿತು. ಧೂಳು ಇಳಿಯುವ ಮೊದಲೇ ಹೊರಗೆ ಬರಬೇಕೆಂದು ಬಾಗಿಲು ತೆರೆದು ಚೌಕಟ್ಟಿಗೆ ಎಡಗೈ ಊರಿದೆ. ಹಟ್ಟೊ ಆಗಲೇ ಅಲ್ಲಿದ್ದ. ಬೂಟುಗಾಲಿನಿಂದ ಬಾಗಿಲು ಒದ್ದ.

ಮೂರು ಬೆರಳು ಮುರಿದ ಸದ್ದು ನನಗೇ ಕೇಳಿಸಿತು.

ಮುಂದಿನದು ನಿಮಗೆ ಗೊತ್ತು. ಬಲಗೈಯಲ್ಲಿ ಪಿಸ್ತೂಲು, ಅರ್ಧ ಇಂಚು ಸಾಲದ ಹೆಬ್ಬೆರಳು, ಪುಟ್ಟಕ್ಕ.

ಅವನು ಕೋವಿಯ ನಳಿಗೆಯಿಂದ ನನ್ನ ಪಿಸ್ತೂಲನ್ನು ಪಕ್ಕಕ್ಕೆ ತಳ್ಳಿದ, ಮಗುವಿನ ಕೈಯಿಂದ ಚಮಚ ತಳ್ಳುವ ಹಾಗೆ. ಮುದುಕಿ ಎಲ್ಲಿ ಎಂದು ಕೇಳಿದ.

ನಾನು ತಿರುಗಿ ನೋಡಿದೆ. ಪಕ್ಕದ ಸೀಟು ಖಾಲಿ. ಆ ಕಡೆಯ ಬಾಗಿಲು ತೆರೆದಿತ್ತು.

“ಇಲ್ಲಿದೀನಿ, ರಾಯ್ ಡೀನ್.”

ಟೀಚರ್ ಪಿಕಪ್ಪಿನ ಮೂತಿಯ ಬಳಿ ನಿಂತಿದ್ದರು. ಹತ್ತಡಿ ದೂರ. ಕನ್ನಡಕದ ಒಂದು ಗಾಜು ಬಿರುಕು ಬಿಟ್ಟಿತ್ತು. ಎರಡೂ ಕೈಯಲ್ಲಿ ಕಪ್ಪು ಪಿಸ್ತೂಲು. ಒಂಬತ್ತನೇ ವಯಸ್ಸಿನಲ್ಲಿ ಹಟ್ಟೊ ಅವರ ಹತ್ತಿರ ಎರಡು ವರ್ಷ ಕಲಿತಿದ್ದನೆಂದು ಆಮೇಲೆ ತಿಳಿಯಿತು.

“ಕೋವಿ ಕೆಳಗಿಡಪ್ಪ,” ಅಂದರು.

“ಟೀಚರ್, ನಿಮ್ಮ ಕೈಲಿ ಅದೆಲ್ಲ ಆಗಲ್ಲ. ಸುಮ್ನೆ ಕೊಡಿ.”

“ಒಂದೇ ಸಲ ಹೇಳೋದು ನಾನು. ನಿಂಗೊತ್ತು.”

ಅವನು ಒಂದು ಕ್ಷಣ ನಿಂತ. ಆ ಕ್ಷಣ ಅವನು ಇಡುತ್ತಾನೆಂದೇ ನನಗನ್ನಿಸಿತು. ಟೀಚರಿಗೂ ಹಾಗೇ ಅನ್ನಿಸಿರಬೇಕು, ಅವರ ಭುಜ ಸ್ವಲ್ಪ ಇಳಿಯಿತು.

ಕೋವಿ ಅವರ ಕಡೆ ತಿರುಗಿತು.

ಎರಡು ಗುಂಡು. ಬಾಗಿಲು ತಟ್ಟಿದಂತೆ, ಒಂದರ ಹಿಂದೊಂದು. ಬಲಭುಜಕ್ಕೊಂದು, ಪಕ್ಕೆಗೊಂದು. ಕೋವಿ ಹತ್ತಿ ಗಿಡದ ಮೇಲೆ ಬಿತ್ತು. ಅವನು ಅದರ ಪಕ್ಕದಲ್ಲಿ ಕುಳಿತುಬಿಟ್ಟ.

ಬಾಗಿಲಿನ ಬಿಗಿ ಬಿಟ್ಟಿತು. ಕೈ ಎಳೆದುಕೊಂಡು ಹೋಗಿ ಕೋವಿಯನ್ನು ದೂರ ಒದ್ದೆ. ಟೀಚರ್ ಪಿಸ್ತೂಲನ್ನು ಇಳಿಸದೆಯೇ, ಕೊರಳಿನ ಸ್ಕಾರ್ಫ್ ಬಿಚ್ಚಿ ನನ್ನ ಕಡೆ ಎಸೆದರು. ಅವನ ರಕ್ತ ನಿಲ್ಲಿಸಿ ಅಂದರು. ಒಂದೇ ಕೈಯಲ್ಲಿ ಒತ್ತಿ ಹಿಡಿದೆ. ಅವನು ಅಳುತ್ತಿದ್ದ. ಅವರು ಅವನಿಗೆ ನಿಧಾನವಾಗಿ ಉಸಿರಾಡಲು ಹೇಳಿಕೊಡುತ್ತಿದ್ದರು.

ಷೆರೀಫನ ಆಳುಗಳು ಬರಲು ಇಪ್ಪತ್ತು ನಿಮಿಷ ಹಿಡಿಯಿತು. ನಡೆದದ್ದನ್ನೆಲ್ಲ ಟೀಚರ್ ಕ್ರಮವಾಗಿ ಹೇಳಿದರು. ಪಿಸ್ತೂಲನ್ನು ಖಾಲಿ ಮಾಡಿ ಕೊಟ್ಟರು. ಆಮೇಲೆ ಬೇಲಿಗೂಟ ಹಿಡಿದು ಬಗ್ಗಿ, ಬೆಳಗಿನಿಂದ ತಿಂದದ್ದನ್ನೆಲ್ಲ ಕಾರಿದರು. ಎರಡು ಭಾನುವಾರ ಆರ್ಗನ್ ಮುಟ್ಟಲಿಲ್ಲ.

ಅವನು ಬದುಕಿದ. ಹೊಲದಲ್ಲಿ ನಡೆದದ್ದೂ ಆರೋಪಪಟ್ಟಿಗೆ ಸೇರಿ, ವಿಚಾರಣೆ ಒಂದು ತಿಂಗಳು ಮುಂದಕ್ಕೆ ಹೋಯಿತು. ಟೀಚರ್ ಸಾಕ್ಷಿ ನುಡಿದರು. ದನಿ ನಡುಗಲಿಲ್ಲ. ಕೈಗಳನ್ನು ಮಾತ್ರ ಕಟಕಟೆಯ ಕೆಳಗೆ ಇಟ್ಟುಕೊಂಡಿದ್ದರು.

ಮಾರನೇ ದಿನ ನನ್ನ ಸರದಿ. ಹಟ್ಟೊ ಪರ ವಕೀಲ ಹೂಸ್ಟನ್ನಿನವನು, ನಯವಾದ ಆಸಾಮಿ. ನನ್ನ ನಲವತ್ತೈದನ್ನು ಮೇಜಿನ ಮೇಲೆ ಇರಿಸಿದ. ತನ್ನ ಕಕ್ಷಿದಾರನಿಂದ ಜೀವಕ್ಕೆ ನಿಜವಾಗಿ ಅಪಾಯವಿದ್ದಿದ್ದರೆ, ಇಷ್ಟು ದೊಡ್ಡ ಪಿಸ್ತೂಲು ಕೈಯಲ್ಲಿದ್ದೂ ನಾನೇಕೆ ಹಾರಿಸಲಿಲ್ಲ ಎಂದು ಕೇಳಿದ.

ಕೋರ್ಟಿನ ಹಾಲ್ ತುಂಬಿತ್ತು. ನನ್ನ ತರಗತಿಯ ಹೆಂಗಸರು ಮೂರು ಸಾಲು. ಗೇಲನ್ ಬಾಗಿಲ ಬಳಿ. ಸುಳ್ಳು ಹೇಳುವುದಿಲ್ಲವೆಂದು ಬೈಬಲ್ ಮುಟ್ಟಿ ಹತ್ತು ನಿಮಿಷವೂ ಆಗಿರಲಿಲ್ಲ.

“ಚಿಲಕ ಎಟಕಲಿಲ್ಲ,” ಎಂದೆ.

ವಕೀಲನಿಗೆ ಕೇಳಿಸಲಿಲ್ಲವಂತೆ. ಇನ್ನೊಮ್ಮೆ, ಜೋರಾಗಿ ಹೇಳಿ ಎಂದ.

ಇನ್ನೊಮ್ಮೆ, ಜೋರಾಗಿ ಹೇಳಿದೆ. ನ್ಯಾಯಾಧೀಶರು ಕೆಮ್ಮುವ ನೆಪದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದರು.

ಹಟ್ಟೊಗೆ ಜೀವಾವಧಿಯಾಯಿತು. ನನ್ನ ಕಸುಬು ಮುಗಿಯಿತೆಂದುಕೊಂಡೆ. ಇಲ್ಲ... ಆ ವಾರವೇ ಹನ್ನೊಂದು ಜನ ಹೆಂಗಸರು ನನ್ನ ತರಗತಿಗೆ ಸೇರಲು ಫೋನ್ ಮಾಡಿದರು.

ಹನ್ನೊಂದು ಜನವೂ ಕೇಳಿದ್ದು ಒಂದೇ ಪ್ರಶ್ನೆ: ಪಾಠ ಟೀಚರ್ ಮಾಡುತ್ತಾರೋ, ನೀವೇ ಮಾಡುತ್ತೀರೋ?