ಕಾಲುವೆ ನೀರಿನ ಮೇಲೆ ಎರಡು ದೀಪ

ಡಿಸೆಂಬರ್ 9, ಸೋಮವಾರ, ಬೆಳಿಗ್ಗೆ 7.10. ದೇವದುರ್ಗ ತಾಲೂಕಿನ ಆ ಗ್ರಾಮೀಣ ಠಾಣೆಯಲ್ಲಿ ಕಸ ಗುಡಿಸುವ ಕೆಲಸ ಇನ್ನೂ ಮುಗಿದಿರಲಿಲ್ಲ. ಪಿಎಸ್‌ಐ ಮೌನೇಶ್ವರಿ ಕುರ್ಚಿಯಲ್ಲಿ ಕೂರುವ ಮೊದಲೇ ಐವತ್ತರ ಆಸುಪಾಸಿನ ಒಬ್ಬ ಕೂಲಿಯವನು ಒಳಗೆ ಬಂದು ನಿಂತ. ಸೊಂಟದವರೆಗೆ ಒದ್ದೆಯಾಗಿದ್ದ. ಹೆಸರು ಮೂಕಪ್ಪ ಎಂದ.

"ಯಂಕಣ್ಣ ನನ್ನ ಹೇಣ್ತಿನ್ನ ಕೊಂದಾನ್ರಿ ಯವ್ವಾ. ಬರಕೊಳ್ರಿ."

"ಹ್ಯಾಂಗ?"

"ಹತ್ತಿ ಬಿಡಸಾಕ ಅಂತ ಹನ್ನೊಂದು ಮಂದಿ ಹೆಣ್ಮಕ್ಕಳನ್ನ ಟಂಟಂದಾಗ ತುಂಬಕೊಂಡು ಮಾನ್ವಿ ಕಡಿ ಹೊಂಟಿದ್ದ. ಕಾಲುವ್ಯಾಗ ಕೆಡವಿದ. ಹತ್ತು ಮಂದಿ ಎದ್ದು ಬಂದ್ರು. ನನ್ನ ತಿಮ್ಮವ್ವ ಬರಲಿಲ್ಲ. ಈಗ ಹೆಣಾ ಎತ್ತಿ ದಂಡಿಗಿ ಹಾಕಿ ಬಂದೀನಿ."

"ಎಷ್ಟು ಗಂಟೆಕ್ಕ?"

"ಐದೂವರಿ ಇರಬೇಕ್ರಿ. ಇನ್ನಾ ಕತ್ತಲಿತ್ತು."

"ಕುಡಿದಿದ್ನಾ?"

"ಕುಡೀದವ ಹಾದಿ ಬಿಟ್ಟು ನೀರಿಗ್ಯಾಕ ಹೊಡೀತಾನ್ರಿ?"

7.45ಕ್ಕೆ ಎಫ್ಐಆರ್ ಆಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 281 ಮತ್ತು 106(1), ಆರೋಪಿ ಮೂರು ಗಾಲಿಯ ಟಂಟಂ ಆಟೊದ ಚಾಲಕ ಯಂಕಣ್ಣ. ಹೆಡ್ ಕಾನ್‌ಸ್ಟೇಬಲ್ ಹಂಪಯ್ಯನ ಲೆಕ್ಕದಲ್ಲಿ ಕೇಸು ಅಲ್ಲಿಗೇ ಮುಗಿದಂತೆ. ಇಪ್ಪತ್ತಾರು ವರ್ಷ ಸರ್ವೀಸು ಮಾಡಿದ ಮನುಷ್ಯನಿಗೆ ಬೇಗ ಮುಗಿಯುವ ಕೇಸೆಂದರೆ ಹಬ್ಬದ ಊಟವಿದ್ದಂತೆ.

"ಹದಿನೈದು ದಿನದಾಗ ಚಾರ್ಜ್‌ಶೀಟ್ ಹಾಕಿಬಿಡೂಣು ಮೇಡಂ. ಡ್ರೈವರ್‌ನ ಊರಾಗ ಕಾಲಿಡಾಕ ಬಿಡಲ್ಲ ಅಂತ ಮಂದಿ ಆಗಲೇ ಹೇಳಾಕತ್ತಾರ."

"ಮೊದಲ ಅವನ ಮಾತು ಕೇಳೂಣು, ನಡೀರಿ," ಎಂದಳು ಮೌನೇಶ್ವರಿ.

8.50ಕ್ಕೆ ಆಸ್ಪತ್ರೆಯಲ್ಲಿ ಯಂಕಣ್ಣ ಹೆಗಲಿನ ಎಲುಬು ಮುರಿದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದ. ಬಾಯಲ್ಲಿ ಹೆಂಡದ ವಾಸನೆ ಇಲ್ಲ, ರಕ್ತ ಪರೀಕ್ಷೆಗೆ ಕಳಿಸಿದ್ದೇವೆ ಎಂದರು ಡಾಕ್ಟರು.

"ಎದುರಿಗಿ ಜೀಪ್ ಬಂತ್ರಿ ಮೇಡಂ," ಎಂದ ಯಂಕಣ್ಣ.

"ಜೀಪ್ ನೋಡಿದ್ಯಾ?"

"ದೀಪ ನೋಡಿದೆ. ಎರಡು ಬಿಳಿ ದೀಪ, ಇದರಿಂದ ಅದು ಇಷ್ಟು ದೂರ." ಆಡುತ್ತಿದ್ದ ಒಂದೇ ಕೈಯನ್ನು ಮಂಚದ ಅಂಚಿನಿಂದ ಅಂಚಿಗೆ ಎಳೆದು ತೋರಿಸಿದ. "ಕಣ್ಣಾಗ ಹೊಡೀತು. ದೊಡ್ಡ ಗಾಡಿ ಅಂತ ಎಡಕ್ಕ ಎಳದೆ. ಅಲ್ಲಿ ಹಾದೀನೇ ಇರಲಿಲ್ರಿ."

ಮೌನೇಶ್ವರಿಗೆ ಈ ಮಾತು ಅರ್ಥವಾಯಿತು. ಕಾಲುವೆ ದಂಡೆಯ ರಸ್ತೆಯಲ್ಲಿ ಎಲ್ಲೂ ಬರೆದಿಡದ ಒಂದು ಕಾಯಿದೆ ಇದೆ: ಸಣ್ಣ ಗಾಡಿ ದೊಡ್ಡ ಗಾಡಿಗೆ ದಾರಿ ಬಿಡಬೇಕು. ಸೈಕಲ್ಲು ಟಂಟಂಗೆ ಬಿಡುತ್ತದೆ, ಟಂಟಂ ಜೀಪಿಗೆ ಬಿಡುತ್ತದೆ. ಬಿಡದವನಿಗೆ ಸಿಗುವ ಬೈಗುಳ ಮೂರು ಊರು ದಾಟುವವರೆಗೆ ಕಿವಿಯಲ್ಲಿ ಇರುತ್ತದೆ.

ಪಕ್ಕದ ವಾರ್ಡಿನಲ್ಲಿ ಕನಕಮ್ಮ ಕಂಬಳಿ ಹೊದ್ದು ಕೂತಿದ್ದಳು. ಟಂಟಂನಲ್ಲಿ ತಿಮ್ಮವ್ವನ ಮಗ್ಗುಲಲ್ಲಿದ್ದವಳು ಅವಳೇ.

"ಗಾಡಿ ನೀರಾಗ ಮಗ್ಗಲಾತ್ರಿ. ನಾ ದಂಡಿ ಹುಲ್ಲು ಹಿಡಕೊಂಡೆ. ತಿರುಗಿ ನೋಡಿದ್ರ ತಿಮ್ಮವ್ವನ ಕೈ ಕಾಣಾಕತ್ತಿತ್ತು, ಬಳೀ ಸುದ್ದಾ. ಹಿಡಿಯಾಕ ಹ್ವಾದೆ. ಅಷ್ಟರಾಗ ಬೆಳಕು ಹೋತು. ಕತ್ತಲಾಗ ಎಷ್ಟು ಕೈಯಾಡಿಸಿದ್ರೂ ಬರೇ ನೀರ್ರಿ ಯವ್ವಾ."

"ಯಾವ ಬೆಳಕು?"

"ಟಂಟಂದ ಇರಬೇಕ್ರಿ."

10.30ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಟಂಟಂನ ಮೂತಿ ಕಾಲುವೆಯ ಕೆಸರಿನಲ್ಲಿ ಹೂತಿತ್ತು. ಮೌನೇಶ್ವರಿ ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದಳು. ಕೆಸರಲ್ಲಿ ಹೂತ ದೀಪ ನೀರಿನ ಮೇಲೆ ಬೆಳಕು ಚೆಲ್ಲುವುದಿಲ್ಲ. ಕನಕಮ್ಮ ಕಂಡ ಬೆಳಕು ದಂಡೆಯ ಮೇಲಿನದು. ಎದುರಿನಿಂದ ಬಂದವನು ನಿಂತಿದ್ದ, ಆಮೇಲೆ ದೀಪ ಆರಿಸಿದ್ದ. ಅದು ಹೊಳೆದ ಕೂಡಲೇ ಅವಳು ಎದ್ದು ಎದುರಿನ ಗಾಡಿ ಬಂದ ಕಡೆಗೆ ನಡೆದಳು.

ಮಾನ್ವಿ ದಿಕ್ಕಿಗೆ ಇನ್ನೂರು ಹೆಜ್ಜೆ ದೂರದಲ್ಲಿ ರಸ್ತೆ ಕೆಸರಾಗಿತ್ತು. ನಸುಕಿನ ನಾಲ್ಕಕ್ಕೆ ತೂಬು ಎತ್ತಿದೆ, ಆಗಲೇ ನೀರು ರಸ್ತೆಗೆ ಹರಿಯಿತು ಎಂದ ನೀರಗಂಟಿ. ನೋಡಲು ಬಂದ ಜನರೆಲ್ಲ ಊರ ಕಡೆಯಿಂದ ಬಂದವರು, ಈ ಕೆಸರನ್ನು ಯಾರೂ ತುಳಿದಿರಲಿಲ್ಲ. ಅದರಲ್ಲಿ ಅಪಘಾತದ ಜಾಗದ ಕಡೆಗೆ ಬಂದ ಒಂದೇ ಒಂದು ಗೆರೆ ಇತ್ತು.

"ಜೀಪ್ ಎಲ್ಲೈತ್ರಿ ಹಂಪಯ್ಯ?"

ಹಂಪಯ್ಯ ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಇದು ಮೋಟರ್‌ಸೈಕಲ್ ಗಾಲಿ ಮೇಡಂ. ಬ್ಯಾರೆ ಗಾಲೀನೇ ಇಲ್ಲ."

ಕ್ರೇನಿನಿಂದ ಟಂಟಂ ಮೇಲೆತ್ತಿದಾಗ ಬಲಗಡೆ ತಾಡಪತ್ರಿ ಕಟ್ಟುವ ಕೊಕ್ಕೆಗೆ ಗೇಣುದ್ದದ ವೈರು ಸಿಕ್ಕಿಕೊಂಡಿತ್ತು. ಒಂದು ತುದಿ ಹರಿದಿತ್ತು. ನಡುವಿನ ಜೋಡಣೆಗೆ ಟೇಪು ಹಾಕದೆ ಬಿಳಿ ದಾರ ಒತ್ತಾಗಿ ಸುತ್ತಿದ್ದರು. ಅದನ್ನು ಪಂಚರ ಸಮಕ್ಷಮ ಜಪ್ತಿ ಮಾಡಿದರು.

ವಾಪಸ್ ಬರುವಾಗ ದೇವದುರ್ಗದ ಹೊರಗಿನ ಬಂಕಿನಲ್ಲಿ ಜೀಪಿಗೆ ಡೀಸೆಲ್ ಹಾಕಿಸಿದರು. ಪೈಪು ಹಿಡಿದಿದ್ದ ಸಣಕಲು ಮನುಷ್ಯ ಮೀಟರು ನೋಡುತ್ತಲೇ ಕೇಳಿದ, "ಕಾಲುವಿ ಕೇಸೇನ್ರಿ ಮೇಡಂ? ಡ್ರೈವರ್ ಬದುಕ್ಯಾನ್ರಿ?"

"ಬದುಕ್ಯಾನ," ಎಂದಳು. ಊರೆಲ್ಲ ಕೇಳುತ್ತಿದ್ದ ಪ್ರಶ್ನೆ, ಅವನೂ ಕೇಳಿದ ಎಂದುಕೊಂಡಳು.

ಮಂಗಳವಾರ, 11.15. ಮೋಟರ್ ಸೈಕಲ್ಲಿಗೆ ಎರಡು ದೀಪ ಇತ್ತೆಂದರೆ ಅವು ಆಮೇಲೆ ಕೂಡಿಸಿದವೇ ಇರಬೇಕು, ಅಂಥ ಸಾಮಾನು ಈ ಸೀಮೆಗೆಲ್ಲ ಹೋಗುವುದು ರಾಯಚೂರಿನಿಂದ. ಸ್ಟೇಷನ್ ರಸ್ತೆಯಲ್ಲಿ ಆರು ಅಂಗಡಿಯವರು ವೈರನ್ನು ನೋಡಿ ಕೈ ಅಲ್ಲಾಡಿಸಿದರು. ಏಳನೆಯವನು ಮಹಮ್ಮದ್ ಹುಸೇನ್, ನಲವತ್ತು ವರ್ಷದಿಂದ ಗಾಡಿಗಳ ಕರೆಂಟ್ ಕೆಲಸ ಮಾಡುವ ಮುದುಕ. ಚಷ್ಮಾ ಹಣೆಗೇರಿಸಿ ವೈರನ್ನು ಕಣ್ಣಿನ ಹತ್ತಿರ ಹಿಡಿದ.

"ನಮ್ಮ ಬಿಸಲಿಗೆ ಟೇಪಿನ ಗೋಂದು ಕರಗಿ ಇಳೀತದ್ರಿ. ಅದಕ್ಕ ಹತ್ತಿ ದಾರ ಸುತ್ತಿ ವಾರ್ನಿಷ್ ಹಚ್ಚೋದು. ಇದು ನಮ್ಮ ಅಂಗಡಿ ವಿದ್ಯಾ."

"ಇದು ನೀವ ಮಾಡಿದ್ದೇನ್ರಿ?"

"ನಂದಲ್ಲ. ದಾರ ಉಲ್ಟಾ ಸುತ್ತೈತಿ ನೋಡ್ರಿ, ಎಡಚನ ಕೆಲಸ. ನನ್ನ ಕೈಯಾಗ ಕಲಿತವರೊಳಗ ಎಡಚ ಅಂದ್ರ ಅರ್ಬಾಜ್ ಒಬ್ಬನ. ಈಗ ಮಾನ್ವಿಯಾಗ ಅಂಗಡಿ ಹಾಕ್ಯಾನ." ವೈರನ್ನು ವಾಪಸ್ ಕೊಡುತ್ತ ಕೇಳಿದ, "ಅಂವ ಏನಾರ ತಪ್ಪು ಮಾಡ್ಯಾನೇನ್ರಿ?"

ಬುಧವಾರ, 12.20, ಮಾನ್ವಿ. ಅರ್ಬಾಜ್ ವೈರನ್ನು ನೋಡಿದ ಕೂಡಲೇ ಸ್ಟೂಲಿನ ಮೇಲೆ ಕುಸಿದ.

"ನನ್ನ ಕೈಯೇ ಮೇಡಂ."

"ಯಾರ ಗಾಡಿ?"

"ಅಂಬರೇಶ ಅಂತ್ರಿ. ಇಲ್ಲೇ ಹಳ್ಳಿಯಾಗಿರ್ತಾನ, ದೇವದುರ್ಗದ ಬಂಕಿನ್ಯಾಗ ಮುಂಜಾನಿ ಆರರಿಂದ ಸಂಜಿ ನಾಕರ ತನಕ ಪಾಳಿ. ದೀಪ ಎರಡೂ ಹತ್ರ ಹತ್ರ ಇರಲಿ, ಕೆಳಗ ನೋಡಲಿ ಅಂದೆ. ಕೇಳ್ಲಿಲ್ಲ. ಹಾದಿ ಎರಡೂ ದಂಡಿ ಕಾಣಬೇಕು ಅಂದ. ಬೈಕಿನ ಲೆಗ್ ಗಾರ್ಡಿಗೆ ಉದ್ದನ ಕಬ್ಬಿಣ ಪಟ್ಟಿ ಬೆಸುಗಿ ಹಾಕಿಸಿ, ಅದರ ಎರಡು ತುದಿಗೆ ಕೂಡಿಸಿದೆ."

"ಎದುರಿನವರ ಕಣ್ಣಿಗೆ ಹೊಡೀತದ ಅಂತ ಹೇಳಲಿಲ್ಲ?"

"ಹೇಳಿದೆ. ಬ್ಯಾರೆ ಸ್ವಿಚ್ ಕೊಟ್ಟೀನಿ, ಎದುರಿಗಿ ಗಾಡಿ ಬಂದ್ರ ಆರಸು ಅಂದೆ. ನಾ ಯಾರಿಗೂ ಆರಸಲ್ಲ ಅಂದ." ಅರ್ಬಾಜ್ ಅಂಗಡಿಯ ಮೂಲೆಗೆ ಕೈ ತೋರಿಸಿದ. "ಸೋಮವಾರ ಸಂಜಿಗಿ ಬಂದು ಪಟ್ಟಿ ಸಮೇತ ಬಿಚ್ಚಿಸಿದ. ನೀನ ಇಟ್ಕೋ ಅಂದ."

ಮೂಲೆಯಲ್ಲಿ ಪಟ್ಟಿ ಬಿದ್ದಿತ್ತು. ಹಂಪಯ್ಯ ಅಳೆದ: ಮೂರು ಅಡಿ ಎರಡು ಇಂಚು. ಒಂದು ದೀಪದ ವೈರು ಹರಿದಿತ್ತು, ಕೊಕ್ಕೆಗೆ ಸಿಕ್ಕ ತುಂಡು ಅದಕ್ಕೆ ಸರಿಯಾಗಿ ಕೂಡಿತು. ಇಷ್ಟು ದಿನ ಕುಡುಕ ಡ್ರೈವರ್ ಎನ್ನುತ್ತಿದ್ದ ಹಂಪಯ್ಯ ಜಪ್ತಿ ಪಂಚನಾಮೆಯಲ್ಲಿ ಆ ಅಳತೆಯನ್ನು ಎರಡು ಸಲ ನೋಡಿ ಬರೆದ.

3.40ಕ್ಕೆ ಜೀಪು ಬಂಕಿಗೆ ಬಂತು. ಸೋಮವಾರ ಪೈಪು ಹಿಡಿದಿದ್ದ ಅದೇ ಸಣಕಲು ಮನುಷ್ಯ ಒಂದು ಸ್ಕೂಟರಿಗೆ ಪೆಟ್ರೋಲು ಹಾಕುತ್ತಿದ್ದ. ಮೌನೇಶ್ವರಿಯನ್ನು ಕಂಡ. ಸ್ಕೂಟರಿನ ಮುಚ್ಚಳ ತಿರುಗಿಸಿ ಭದ್ರ ಮಾಡಿದ, ಪೈಪನ್ನು ಅದರ ಜಾಗಕ್ಕೆ ಸಿಕ್ಕಿಸಿದ, ಕೈ ಒರೆಸಿಕೊಂಡು ತಾನೇ ನಡೆದು ಬಂದ.

"ಅಂಬರೇಶ?"

"ಹೌದ್ರಿ."

ಠಾಣೆಯಲ್ಲಿ ಒಂದು ಲೋಟ ನೀರು ಕುಡಿದ ಮೇಲೆ ವಿಚಾರಣೆ ಶುರುವಾಯಿತು.

"ದೀಪ ಯಾಕ ಹಾಕಿಸಿದಿ?"

"ಹೋದ ವರ್ಷ ಕಲ್ಮಲದ ಹತ್ರ ನೆಲ್ಲುಹುಲ್ಲಿನ ಟ್ರಾಲಿ ಹಾದ್ಯಾಗ ನಿಂತಿತ್ರಿ. ಹಿಂದ ಒಂದು ಕೆಂಪು ದೀಪ ಇರಲಿಲ್ಲ. ನನ್ನ ಗಾಡಿ ಬೆಳಕು ಮಿಣಿಮಿಣಿ. ಹೋಗಿ ಹೊಡದೆ." ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು ಹೇಳಿದ, "ಹಿಂದ ಅನ್ನಪೂರ್ಣ ಕುಂತಿದ್ಲು."

"ನಿನ್ನ ಹೇಣ್ತಿ?"

"ಹೌದ್ರಿ. ಅಕಿ ಅಲ್ಲೇ ಹೋದ್ಲು. ನನಗ ಗೀಚೂ ಆಗಲಿಲ್ಲ."

"ಸೋಮವಾರ ಏನಾತು?"

"ಟಂಟಂ ಎದುರಿಗಿ ಬಂತು. ಹಾದು ಹೋಗತೀವಿ ಅಂದ್ಕೊಂಡೆ. ಅಂವ ಅಷ್ಟ್ಯಾಕ ಹಾದಿ ಬಿಟ್ಟ ಅಂತ ತಿಳೀಲಿಲ್ಲ. ಅವನ ಹಿಂಬದಿ ನನ್ನ ಪಟ್ಟಿಗಿ ತಾಗಿ ವೈರ್ ಹರೀತು. ನಿಂತೆ. ಗಾಡಿ ತಿರುವಿದೆ. ಒಂದು ದೀಪ ಉರಿಯಾಕತ್ತಿತ್ತು."

"ನೀರಾಗ ಏನು ಕಾಣ್ತು?"

ಅಂಬರೇಶ ಖಾಲಿ ಲೋಟವನ್ನು ಮೇಜಿನ ಅಂಚಿನಿಂದ ಒಳಗೆ ಸರಿಸಿದ.

"ಹೆಣ್ಮಕ್ಕಳು. ಒಂದು ಕೈ, ಹಸಿರು ಬಳಿ."

"ಆಮ್ಯಾಲ?"

"ಬಟನ್ ಒತ್ತಿದೆ. ದೀಪ ಆರಿಸಿದೆ."

"ಯಾಕ?"

"ಎಲ್ಲಾರೂ ಬೆಳಕಿನ ಕಡಿ ನೋಡಾಕತ್ತಿದ್ರು. ನನ್ನ ಮಾರಿ ಕಾಣ್ತದ ಅನ್ನಿಸ್ತು."

ಮೌನೇಶ್ವರಿಗೆ ಮೇಜು ಗುದ್ದಬೇಕೆನಿಸಿತು. ಅದೇ ಗಳಿಗೆಯಲ್ಲಿ ಅವನ ಮೇಲೆ ಮರುಕವೂ ಹುಟ್ಟಿತು, ಹುಟ್ಟಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಸಂಜೆ 5.05ಕ್ಕೆ ದಸ್ತಗಿರಿ ಎಂದು ಬರೆಸಿದಳು. ಆರೋಪಿಯ ಹೆಸರು ಬದಲಿಸುವಂತೆ ನ್ಯಾಯಾಲಯಕ್ಕೆ ವರದಿ ತಯಾರಾಯಿತು.

ಗುರುವಾರ ಸಂಜೆ 6.30. ಹರಿದ ವೈರನ್ನು ಕೂಡಿಸಿ, ಜಪ್ತಿಯಾದ ದೀಪಗಳು ಉರಿಯುತ್ತವೋ ಇಲ್ಲವೋ ಎಂದು ಪಂಚರ ಮುಂದೆ ನೋಡಬೇಕಿತ್ತು. ಯಂಕಣ್ಣ ಮುರಿದ ಹೆಗಲಿನ ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಇಟ್ಟುಕೊಂಡು ಬಂದಿದ್ದ. ಮರುಹೇಳಿಕೆಗೆ ಕರೆಸಿದ್ದ ಮೂಕಪ್ಪ ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದ. ಡ್ರೈವರ್ ಕುಡಿದಿರಲಿಲ್ಲ, ರಕ್ತದ ವರದಿ ಬಂದಿದೆ ಎಂದು ಮೌನೇಶ್ವರಿ ಆಗಷ್ಟೇ ಅವನಿಗೆ ಹೇಳಿದ್ದಳು. ಮೂಕಪ್ಪ ತನ್ನ ಬೀಡಿಕಟ್ಟನ್ನು ಯಂಕಣ್ಣನ ಕಡೆ ಸರಿಸಿದ್ದ.

ಹಂಪಯ್ಯ ವೈರುಗಳನ್ನು ಜೀಪಿನ ಬ್ಯಾಟರಿಗೆ ಹಿಡಿದ.

ಠಾಣೆಯ ಅಂಗಳವೆಲ್ಲ ಬೆಳ್ಳಗಾಯಿತು. ಬೇವಿನ ಮರದ ಎಲೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಯಂಕಣ್ಣ ಜೋಳಿಗೆಯ ಕೈ ಮರೆತು ಎರಡೂ ಕೈಯಿಂದ ಕಣ್ಣು ಮುಚ್ಚಲು ಹೋಗಿ ನೋವಿನಿಂದ ಚೀರಿದ. ಮೂಕಪ್ಪ ಮಾತ್ರ ಕಣ್ಣು ಮಿಟುಕಿಸದೆ ಎದ್ದು ನಿಂತ. ಬೆಳಕು ಬಿದ್ದ ಕಡೆಯೆಲ್ಲ ನೋಡಿದ, ಕಂಪೌಂಡ್ ಗೋಡೆಯವರೆಗೂ.

"ಯವ್ವಾ, ಒಂದು ಕೇಳ್ಲೇನ್ರಿ?"

"ಕೇಳಪಾ."

"ಅಲ್ಲಿ ಇಷ್ಟು ಬೆಳಕಿತ್ತೇನ್ರಿ?"

ದೀಪ ಆರಿಸಿ ಎಂದು ಮೌನೇಶ್ವರಿ ಹಂಪಯ್ಯನಿಗೆ ಹೇಳಬೇಕಿತ್ತು. ಹಂಪಯ್ಯ ವೈರು ತೆಗೆಯಲು ಹೋದಾಗ ಅವಳೇ ಕೈ ಅಡ್ಡ ಹಿಡಿದು ತಡೆದಳು.